ಕೆಂಪಿ ನಿಲ್ಲುತ್ತಿದ್ದ ಗೇಟು

ಜಯನಗರದಲ್ಲಿ ನಾವು ಮನೆ ಕಟ್ಟಿಸಿ ಬಂದದ್ದು ಐವತ್ತೆರಡರಲ್ಲಿ. ಬಂದ ವಾರದಲ್ಲೇ ನನಗೂ ಒಂದು ಹಸುವಿಗೂ ಜಗಳ ಶುರುವಾಯಿತು. ನಾನು ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಅದು ಗೇಟಿಗೆ ಅಡ್ಡ ನಿಂತಿರುತ್ತಿತ್ತು. ಅದರ ಹಿಂದೆ ಒಂದು ಮಂದೆ ದನ. ಹೆಣ್ಣುಮಕ್ಕಳಿಗೆ ಗಣಿತ ಹೇಳಿ ಹೇಳಿ ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕೊಡೆ ಎತ್ತಿ ಆಡಿಸುತ್ತ ದನ ಕಾಯುವವನನ್ನು ಬಾಯಿಗೆ ಬಂದಂತೆ ಬೈದೆ.

ಅವನು ಪಕ್ಕದ ಬೈರಸಂದ್ರದ ಚಿಕ್ಕಬೈರಪ್ಪ. ನಾನು ಬೈದು ಮುಗಿಸಿದ ಮೇಲೆ ಆ ಹಸುವಿನ ಬೆನ್ನು ತಟ್ಟಿದ.

"ಇದು ಕೆಂಪಿ, ನನ್ ಸ್ವಂತದ್ದು ಮೇಷ್ಟ್ರಮ್ಮ. ಮಿಕ್ಕಿದ್ದೆಲ್ಲ ಊರೋರ್ದು. ಹೋದ್ ವರ್ಸದ್ ಗಂಟ ಇಲ್ಲೇ ಅಲ್ವಾ ಇವು ಮೇಯ್ತಿದ್ದಿದ್ದು? ಅದ್ಕೇ ಇಲ್ಲಿಗ್ ಬಂದ್ರೆ ನಿಂತ್ಕೊಂಡ್ಬಿಡ್ತದೆ."

ನಮ್ಮ ಸೈಟು ಅವರ ಗೋಮಾಳವಾಗಿತ್ತು, ಊರ ದನಕ್ಕೆಂದೇ ಬಿಟ್ಟ ಹುಲ್ಲುಗಾವಲು. ನಮಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಸೈಟು ಬೇಡ ಎನ್ನುತ್ತಿದ್ದೆನೇ? ಸುಳ್ಳೇಕೆ, ಎನ್ನುತ್ತಿರಲಿಲ್ಲ.

ಚಿಕ್ಕಬೈರಪ್ಪನಿಗೆ ಹೊಲವಿರಲಿಲ್ಲ. ಅವನ ಅಪ್ಪನೂ ಊರ ದನ ಕಾದವನೇ. ಬೆಳಿಗ್ಗೆ ಹಾಲು ಕರೆದ ಮೇಲೆ ಇವನು ಬೀದಿಬೀದಿಯಲ್ಲಿ ಕೂಗುತ್ತ ಬರಬೇಕು, ಮನೆಮನೆಯವರು ಹಗ್ಗ ಬಿಚ್ಚಬೇಕು. ಸಂಜೆ ಹಾಲು ಕರೆಯುವ ಹೊತ್ತಿಗೆ ದನ ಕೊಟ್ಟಿಗೆಯಲ್ಲಿರಬೇಕು. ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಇಷ್ಟು ರಾಗಿ, ಅಷ್ಟೇ ಸಂಬಳ. ಅವನ ಹೆಂಡತಿ ಮರಿಯಮ್ಮ ಕೆಂಪಿಯ ಹಾಲು ಮಾರುತ್ತಿದ್ದಳು. ಜಗಳ ತಣ್ಣಗಾದ ಮೇಲೆ ನಾವೂ ಅದೇ ಹಾಲು ಹಾಕಿಸಿಕೊಂಡೆವು.

ಎರಡು ಹಾಲಿನ ನಡುವೆ ಅವನ ಕೈಗೆ ಸಿಗುತ್ತಿದ್ದದ್ದು ಎಂಟು ಗಂಟೆ. ನಮ್ಮ ಬಡಾವಣೆ ಬೆಳೆದಂತೆ ಹುಲ್ಲು ದೂರ ಹೋಯಿತು. ಬೇರೆ ಊರಿನ ಗೋಮಾಳಕ್ಕೆ ನುಗ್ಗಿದರೆ ಅಲ್ಲಿಯವರು ದೊಣ್ಣೆ ಹಿಡಿದು ಬರುತ್ತಿದ್ದರು. ಪೈರಿದ್ದ ಹೊಲಗಳನ್ನು ಸುತ್ತು ಹಾಕಿಕೊಂಡು ಸಾರಕ್ಕಿ ಕೆರೆಯ ಆಚೆಗೆ, ಆಮೇಲೆ ಅದಕ್ಕೂ ಆಚೆಗೆ ಹೊಡೆದುಕೊಂಡು ಹೋಗುತ್ತಿದ್ದ. ನಡಿಗೆ ಹೆಚ್ಚಿದಷ್ಟು ಮೇವು ಕಡಿಮೆ.

ಐವತ್ತೇಳರಲ್ಲಿ ಗ್ರಾಫ್ ಪಾಠ ಬಂತು. ಪುಸ್ತಕದ ಲೆಕ್ಕಗಳು ನೀರಸವೆನಿಸಿ, ನಾನು ಚಿಕ್ಕಬೈರಪ್ಪನ ದನಗಳನ್ನೇ ಬೋರ್ಡಿನ ಮೇಲೆ ತಂದೆ. ಅಡ್ಡಗೆರೆಯ ಮೇಲೆ ಐವತ್ತೊಂದರಿಂದ ವರ್ಷ, ನಿಂತಗೆರೆಯ ಮೇಲೆ ಮೇಯಲು ಸಿಗುವ ಗಂಟೆ. ಐವತ್ತೊಂದರಲ್ಲಿ ಎಂಟು, ಐವತ್ತನಾಲ್ಕರಲ್ಲಿ ಆರು, ಈಗ ನಾಲ್ಕು. ಮೂರು ಚುಕ್ಕೆಗೂ ಸ್ಕೇಲು ಸರಿಯಾಗಿ ಕೂತಿತು. ಗೆರೆ ಅಕ್ಷವನ್ನು ಮುಟ್ಟುವ ಜಾಗಕ್ಕೆ ಪುಸ್ತಕದಲ್ಲಿ ಅಂತಃಛೇದ ಎಂಬ ದೊಡ್ಡ ಹೆಸರಿದೆ. ಈ ಲೆಕ್ಕದಲ್ಲಿ ಅದರ ಅರ್ಥವೇನು ಎಂದು ಕೇಳಿದೆ.

ಕಾತ್ಯಾಯಿನಿ ಎಂಬ ಚುರುಕು ಹುಡುಗಿ ಎದ್ದು ನಿಂತಳು. "ಮೇಲ್ಗಡೆ ಮುಟ್ಟೋದು ಎಂಟಕ್ಕೆ ಮೇಡಂ. ಅಂದ್ರೆ ಶುರೂನಲ್ಲಿ ಹುಲ್ಲು ಪಕ್ಕದಲ್ಲೇ ಇತ್ತು, ನಡಿಯೋದೇ ಬೇಕಿರ್ಲಿಲ್ಲ. ಕೆಳಗಡೆ ಮುಟ್ಟೋದು ಅರವತ್ಮೂರಕ್ಕೆ. ಆಗ ಹುಲ್ಲು ಖಾಲಿ."

"ಖಾಲಿ ಅಲ್ಲ ಕಣೇ," ಎಂದೆ. "ಹುಲ್ಲು ಅಲ್ಲೇ ಇರುತ್ತೆ. ದನ ಅಲ್ಲಿಗೆ ಹೋಗಿ ಮುಟ್ಟೋ ಹೊತ್ಗೆ ತಿರುಗಿ ಹೊರಡ್ಬೇಕು, ಅಷ್ಟೆ. ಬಾಯಿ ಹಾಕೋಕೆ ಟೈಮಿರಲ್ಲ."

ಹುಡುಗಿಯರು ನಕ್ಕರು. ನನಗೆ ನಗು ಬರಲಿಲ್ಲ. ಮೇಲಿನ ಚುಕ್ಕೆ ಎಂದರೆ ನಾನು ಮನೆ ಕಟ್ಟಿಸಿದ ಜಾಗ. ಕೆಳಗಿನ ಚುಕ್ಕೆ ಎಂದರೆ ಅವನ ಅನ್ನ ಹೋಗುವ ವರ್ಷ. ಅದನ್ನು ಒರೆಸಿದೆ. ಬೋರ್ಡಿನಿಂದ ಒರೆಸಿದರೆ ಏನು ಬಂತು?

ಸುದ್ದಿ ಅವನಿಗೂ ಮುಟ್ಟಿತು. "ನನ್ ದನದ್ ಲೆಕ್ಕ ಮಕ್ಳ ಕೈಲಿ ಮಾಡ್ಸಿದ್ರಂತೆ. ಏನ್ ಬಂತು?" ಎಂದು ಗೇಟಿನ ಹತ್ತಿರ ಕೇಳಿದ. ಹೇಳಿದೆ. ಅವನು ಕೆಂಪಿಯ ಕಿವಿಯಿಂದ ಒಂದು ಉಣ್ಣೆಹುಳ ಕಿತ್ತು, "ಬೆಳಿಗ್ಗೆ ಬೇಗ ಹೊಂಟ್ರಾಯ್ತು ಬುಡಿ" ಎಂದ.

ಬೇಗ ಹೊರಡಲು ಯಾರು ಬಿಟ್ಟರು? ಹಾಲು ಕರೆಯದೆ ಹಗ್ಗ ಬಿಚ್ಚುವುದಿಲ್ಲ ಎಂದರು ಊರವರು. ದನಕ್ಕೆ ಹತ್ತಿರದಲ್ಲೇ ಒಂದಿಷ್ಟು ಜಾಗ ಬಿಡಿ ಎಂದು ಕೇಳಲು ನಾನು ಬಡಾವಣೆಯ ಕಚೇರಿಗೆ ಹೋಗಿ ಸಾಹೇಬರ ಮುಂದೆ ಕೂತೆ. ಸಂಭಾವಿತ ಮನುಷ್ಯ, ಕಾಫಿ ತರಿಸಿದರು. ನಕ್ಷೆ ಬಿಡಿಸಿ, "ಪ್ಲಾನ್‌ನಲ್ಲಿ ಪಾರ್ಕ್ ಇದೆ ಮೇಡಂ, ಗೋಮಾಳ ಇಲ್ಲ. ಪಾರ್ಕಿಗೆ ದನ ಬಿಡೋ ಹಾಗಿಲ್ಲ" ಎಂದರು. ಕಾಫಿ ಕುಡಿದು ಎದ್ದು ಬಂದೆ. ಅಷ್ಟು ಬೈಗುಳ ಗೊತ್ತಿದ್ದವಳಿಗೆ ಅವತ್ತು ಒಂದೂ ನೆನಪಾಗಲಿಲ್ಲ.

ಅರವತ್ತರ ಹೊತ್ತಿಗೆ ಹುಲ್ಲು ಚಿಕ್ಕಲಸಂದ್ರದಿಂದಲೂ ಆಚೆಗೆ ಹೋಗಿತ್ತು. ಮೇಯಲು ಸಿಗುತ್ತಿದ್ದದ್ದು ಎರಡೇ ಗಂಟೆ. ದನಗಳ ಪಕ್ಕೆಲುಬು ಕಾಣತೊಡಗಿತು, ಹಾಲು ಇಳಿಯಿತು. ಮಂದೆಯ ಅರ್ಧ ದನ ತಿಮ್ಮರಾಯಪ್ಪನೆಂಬ ದೊಡ್ಡ ಕುಳದ್ದು. ಅವನು ಹೊಲವನ್ನು ಸೈಟು ಮಾಡಿ ಮಾರಿದ, ದನವನ್ನೂ ಮಾರಿದ. ಮಿಕ್ಕವರು ಒಬ್ಬೊಬ್ಬರಾಗಿ ಕೊಟ್ಟಿಗೆಯಲ್ಲೇ ಕಟ್ಟಿ ಹುಲ್ಲು ಕೊಂಡು ಹಾಕತೊಡಗಿದರು. ಅವರದೇನೂ ತಪ್ಪಿಲ್ಲ. ಎರಡು ಗಂಟೆಯ ಮೇವಿಗೆ ಆರು ಗಂಟೆ ನಡೆಸಿದರೆ ಯಾವ ದನ ಉಳಿದೀತು? ನನ್ನ ಗೆರೆ ಅರವತ್ತಮೂರರವರೆಗೆ ಬರುತ್ತಿತ್ತು. ದನಗಳು ಅಲ್ಲಿಯವರೆಗೆ ತಾಳಲಿಲ್ಲ.

ಮಂದೆ ಹೋದ ಮೇಲೆ ರಾಗಿಯೂ ನಿಂತಿತು. ರಾಗಿಯೇ ಇಲ್ಲದವನು ಹುಲ್ಲು ಎಲ್ಲಿಂದ ಕೊಂಡಾನು? ಉಳಿದದ್ದು ಕೆಂಪಿ ಒಂದೇ. ಅದಕ್ಕೂ ವಯಸ್ಸಾಗಿತ್ತು.

ಅರವತ್ತೊಂದರ ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಬಂದರು. ಕೆಂಪಿ ಎಂದಿನಂತೆ ನನ್ನ ಗೇಟಿನ ಮುಂದೆ ನಿಂತಿತು. ಚಿಕ್ಕಬೈರಪ್ಪ ಹಗ್ಗ ಜಗ್ಗಿದ. ಕದಲಲಿಲ್ಲ.

"ನಾಳೆ ದಲ್ಲಾಳಿ ಬತ್ತಾವ್ನೆ ಮೇಷ್ಟ್ರಮ್ಮ, ಇದ್ನ ಹೊಡ್ಕೊಂಡೋಗಾಕೆ," ಎಂದ. "ಇವತ್ತೊಂದಿನ ಹೊಟ್ಟೆ ತುಂಬ ಮೇಯಿಸ್ಕೊಂಡ್ ಬರಾನ ಅಂತ ಹೊಂಟೆ. ಇದ್ಕೆ ಅಷ್ಟು ದೂರ ನಡಿಯೋ ಸಕ್ತಿ ಇಲ್ಲ. ಇಲ್ಲೇ ಅದೆ ಹುಲ್ಲು ಅಂತ ನಿಂತದೆ."

ಒಂದು ಕಾಲಕ್ಕೆ ಕೊಡೆ ಎತ್ತಿ ಅದನ್ನು ಓಡಿಸಿದ್ದ ಗೇಟನ್ನು ಆವತ್ತು ಪೂರ್ತಿ ತೆರೆದೆ. ಕೆಂಪಿ ಒಳಗೆ ಬಂತು. ಅಂಗಳಕ್ಕೆಲ್ಲ ನಾವು ಸಿಮೆಂಟು ಹಾಕಿಸಿದ್ದೆವು. ಮೂತಿಯನ್ನು ನೆಲಕ್ಕೆ ಹಚ್ಚಿ ಮೂಸುತ್ತ ಮೂಸುತ್ತ ಹೋಗಿ, ಹಿತ್ತಿಲ ನಲ್ಲಿಯ ಬುಡದಲ್ಲಿ ಬಿರುಕಿನಿಂದ ಎದ್ದಿದ್ದ ಅಂಗೈಯಗಲದ ಹುಲ್ಲನ್ನು ಕಂಡುಹಿಡಿಯಿತು. ಒಂದೇ ಬಾಯಿಗೆ ಅದು ಮುಗಿಯಿತು.

ಆಮೇಲೆ ಅಗಿಯುತ್ತಲೇ ತಲೆ ಎತ್ತಿ ಮೊದಲು ಅವನನ್ನು, ಆಮೇಲೆ ನನ್ನನ್ನು ನೋಡಿತು. ಇಬ್ಬರ ಕೈಯಲ್ಲೂ ಏನೂ ಇರಲಿಲ್ಲ.