ಬಾಗಿಲ ಪಕ್ಕದ ಉಪ್ಪು

"ಲೈನಿನ ಹೆಂಗಸರಿಗೆ ಏನೂ ಗೊತ್ತಿರಲಿಲ್ಲ, ನಾವು ಹೋಗಿ ಕಲಿಸಿದೆವು." ಆಶಾ ಕಾರ್ಯಕರ್ತೆಯಾದ ನನ್ನ ಚಿಕ್ಕಮ್ಮ ಪ್ರತಿ ಸಭೆಯಲ್ಲೂ ಹೇಳುವ ಕಥೆಯಿದು. ಚಪ್ಪಾಳೆಯೂ ಬೀಳುತ್ತದೆ. ಆದರೆ ನನ್ನದೊಂದು ತಕರಾರಿದೆ. ಮೂರು ವರ್ಷ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮಾತಿನಲ್ಲಿ ತೂತು ಹುಡುಕಿದವಳು ನಾನು, ಮನೆಯವರೆಂದು ಬಿಡಲಾದೀತೆ?

ಒಂದು ದಿನ ಸೋಮವಾರಪೇಟೆಯಾಚೆಯ ಕಾಫಿ ತೋಟವೊಂದರ ಕೂಲಿಯವರ ಲೈನುಮನೆಗಳಿಗೆ ಅವಳ ಜೊತೆ ಹೋಗಿದ್ದೆ. ಓಆರ್‌ಎಸ್ ಪೊಟ್ಟಣ ಸಿಗದಿದ್ದಾಗ ಭೇದಿಗೆ ಮನೆಯಲ್ಲೇ ಉಪ್ಪು-ಸಕ್ಕರೆ ನೀರು ಮಾಡುವುದನ್ನು ತೋರಿಸಬೇಕಿತ್ತು. ಅಲ್ಲಿ ಕೂಲಿ ಮಾಡುವ ಸಾಕಮ್ಮನ ಎರಡು ವರ್ಷದ ಮೊಮ್ಮಗಳಿಗೆ ಬೆಳಗಿನಿಂದ ಐದು ಸಲ ಆಗಿತ್ತು; ಅಜ್ಜಿಯ ಹೆಗಲ ಮೇಲೆ ಬಾಡಿದ ಸೊಪ್ಪಿನಂತೆ ಜೋತುಬಿದ್ದಿತ್ತು ಕೂಸು. ಚಿಕ್ಕಮ್ಮನ ಚೀಲದ ಪೊಟ್ಟಣಗಳು ಹಿಂದಿನ ಲೈನಿನಲ್ಲೇ ಮುಗಿದಿದ್ದವು. ಹಾಗಾಗಿ ಪಾಠಕ್ಕೂ ಮದ್ದಿಗೂ ಒಂದೇ ಪಾತ್ರೆ.

ಕುದಿಸಿ ಆರಿಸಿದ ಒಂದು ಲೀಟರ್ ನೀರು, ಟೀ ಚಮಚದಲ್ಲಿ ತಲೆ ಸವರಿದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇಷ್ಟು ಹೇಳಿದ್ದರೆ ಸಾಕಿತ್ತು. ನಾನು ಬಿಡಬೇಕಲ್ಲ! ಸಕ್ಕರೆಯ ನೆರವಿನಿಂದ ಕರುಳು ಉಪ್ಪನ್ನೂ ನೀರನ್ನೂ ಹೇಗೆ ಒಳಗೆಳೆದುಕೊಳ್ಳುತ್ತದೆಂದು ಭಾಷಣ ಬಿಗಿದೆ. ಉಪ್ಪು ಹೆಚ್ಚಾದರೆ ಎಂಥ ಅಪಾಯವೆಂದು ಬೆರಳಾಡಿಸಿದೆ. ಮಾತಿನ ಭರದಲ್ಲೇ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿದ್ದ ಬಟ್ಟೆಯ ಗಂಟು ಬಿಚ್ಚಿ, ಅದರಲ್ಲಿದ್ದ ಉಪ್ಪಿಗೆ ಚಮಚ ಹಾಕಿದೆ. ನಡುನಡುವೆ ಕಂದು ಚೂರುಗಳು. "ಉಪ್ಪನ್ನ ಮುಚ್ಚಿಡಬೇಕು, ನೋಡಿ, ಕಸ ಬಿದ್ದಿದೆ" ಎಂದು ಅದಕ್ಕೂ ಒಂದು ಉಪದೇಶ.

ಸಾಕಮ್ಮ ನನ್ನ ಕೈ ಹಿಡಿದುಕೊಂಡರು. "ಅಯ್ಯೋ ನಿನ್ನ! ಮಗೀಗೆ ಭೇದಿ ಆಗಿರೋದು ಕಣವ್ವ, ಜಿಗಣೆ ಹತ್ತಿಲ್ಲ!"

ಅದು ಮಳೆಗಾಲದಲ್ಲಿ ತೋಟಕ್ಕಿಳಿಯುವ ಮುನ್ನ, ಜಿಗಣೆ ಹತ್ತದಂತೆ ಕಾಲಿಗೆ ತಿಕ್ಕಿಕೊಳ್ಳಲು ಹೊಗೆಸೊಪ್ಪಿನ ಪುಡಿ ಬೆರೆಸಿಟ್ಟ ಉಪ್ಪು. ಲೈನಿನ ಪ್ರತಿ ಬಾಗಿಲಲ್ಲೂ ಅಂಥದೊಂದು ಗಂಟು ತೂಗುತ್ತಿತ್ತು. ನನ್ನ ಕಣ್ಣಿಗೆ ಮಾತ್ರ ಬಿದ್ದಿರಲಿಲ್ಲ.

"ಮೊದ್ಲು ಮೇಡಮ್ಮೋರೇ ಒಂದು ಲೋಟ ಕುಡೀಲಿ!" ಎಂದು ಪಕ್ಕದ ಮನೆಯಾಕೆ ಕೂಗಿದಳು. ನಗುವಿಗೆ ಲೈನೇ ಅದುರಿತು.

ಸಾಕಮ್ಮ ಚಮಚವನ್ನು ಬಿಸಿನೀರಲ್ಲಿ ತೊಳೆದು, ಒಳಗಿನ ಡಬ್ಬಿಯಿಂದ ಪುಡಿಯುಪ್ಪು ತಂದು, ನಾನು ಹೇಳಿದ ಅಳತೆಯನ್ನೇ ಚಾಚೂ ತಪ್ಪದೆ ಹಾಕಿದರು. "ಕಣ್ಣೀರಿಗಿಂತ ಉಪ್ಪಾಗಬಾರದು" ಎಂದೆ, ತಗ್ಗಿದ ದನಿಯಲ್ಲಿ. ಸಾಕಮ್ಮ ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು ನಕ್ಕರು: "ಅದ್ರ ರುಚೀನೂ ನೀನೇ ಹೇಳ್ಕೊಡ್ಬೇಕಾ ನಮ್ಗೆ?"

ಚಮಚ ಚಮಚವಾಗಿ ಕುಡಿಸಿದೆವು. ಮಧ್ಯಾಹ್ನದ ಹೊತ್ತಿಗೆ ಕೂಸು ಕಣ್ಣರಳಿಸಿ ನನ್ನ ಜಡೆ ಎಳೆಯಿತು. ಆಮೇಲೆ ನನ್ನ ಮಡಿಲನ್ನು ಬೆಚ್ಚಗೆ ಒದ್ದೆ ಮಾಡಿತು. "ಉಚ್ಚೆ ಬಂತು, ನೀರು ಮೈಗೆ ಹತ್ತಿತು!" ಎಂದು ಚಿಕ್ಕಮ್ಮ ಚಪ್ಪಾಳೆ ತಟ್ಟಿದಳು. ಚರ್ಚಾಸ್ಪರ್ಧೆಯ ಯಾವ ಬಹುಮಾನವನ್ನೂ ನಾನು ಅಷ್ಟು ಖುಷಿಯಿಂದ ಮಡಿಲಿಗೆ ಹಾಕಿಕೊಂಡಿಲ್ಲ.

ಆದರೂ ಚಿಕ್ಕಮ್ಮನ ಕಥೆ ಬದಲಾಗಿಲ್ಲ. ಈಗಂತೂ "ಉಪ್ಪು ಅಳೆದು ತೋರಿಸಿದ್ದು ನಮ್ಮ ಹುಡುಗಿಯೇ" ಎಂಬ ಸಾಲೊಂದು ಸೇರಿಕೊಂಡಿದೆ. ಸಭೆಯಲ್ಲಿ ಕೂತವರೆಲ್ಲ ನಾಳೆ ಒಂದೊಂದು ಲೈನಿಗೆ ಹೋಗುವವರು, ಅಲ್ಲೂ ಬಾಗಿಲ ಪಕ್ಕ ಗಂಟು ತೂಗುತ್ತಿರುತ್ತದೆ. ಅಲ್ಲ ಚಿಕ್ಕಮ್ಮ, ಯಾವ ಉಪ್ಪು ಅಂತ ಯಾವಾಗ ಹೇಳ್ತೀಯ?