ಬೆನ್ನಿಗೆ ಕುಂಕುಮ ಇಡಿಸಿಕೊಂಡ ಸರ್ವರು

ಹುಣಸಮಾರನಹಳ್ಳಿಯ ಮುನೀಂದ್ರನ ಅಕ್ಷರ ದಪ್ಪ. ಕೆರೆ ಹೋರಾಟದ ದಿನಗಳಲ್ಲಿ ಯಲಹಂಕದ ಸುತ್ತಮುತ್ತ ಗೋಡೆ ಕಂಡಲ್ಲೆಲ್ಲ ನಾವು ಘೋಷಣೆ ಬರೆಸುತ್ತಿದ್ದೆವು. ಬಣ್ಣದ ಡಬ್ಬಿ ಹಿಡಿದು ಏಣಿ ಹತ್ತುತ್ತಿದ್ದವನು ಅವನೇ. ಒಂದೊಂದು ಅಕ್ಷರವನ್ನೂ ಎಮ್ಮೆಯ ಗಾತ್ರಕ್ಕೆ ಬರೆದು, ಗೋಡೆ ತೀರಿದ ಮೇಲೆ ಕೆಳಗೆ ಬಗ್ಗಿ, "ಇನ್ನೂ ಐತಾ?" ಎಂದು ಕೇಳುತ್ತಿದ್ದ. 'ನಮ್ಮ ಕೆರೆ ನಮಗೆ ಬಿಡಿ' ಎಂದು ಬರೆಯಹೋಗಿ 'ನಮಗೆ' ಎನ್ನುವಲ್ಲಿಗೆ ಗೋಡೆ ಮುಗಿಯಿತು. ಉಳಿದ 'ಬಿಡಿ' ಪಕ್ಕದ ಹಿಟ್ಟಿನ ಗಿರಣಿಯ ಗೋಡೆ ಸೇರಿತು. ಗಿರಣಿಯ ಯಜಮಾನಿ ನಾವು ಕಂಡಾಗಲೆಲ್ಲ ಸೊಂಟಕ್ಕೆ ಕೈಕೊಟ್ಟು, "ಏನ್ರಪ್ಪಾ ನಾನು ಬಿಡ್ಬೇಕಾಗಿರೋದು?" ಎನ್ನುತ್ತಿದ್ದಳು.

ಒಮ್ಮೆ ನಮ್ಮನ್ನೆಲ್ಲ ಹಿಡಿದು ಠಾಣೆಯಲ್ಲಿ ಕೂರಿಸಿದರು. ಇವನ ಕೈಯಲ್ಲಿ ಬಣ್ಣದ ಡಬ್ಬಿ ಕಂಡ ಸಾಹೇಬರು ಮಾಸಿಹೋಗಿದ್ದ ಠಾಣೆಯ ಬೋರ್ಡು ಬರೆಯಲು ಹೇಳಿದರು. ನಾವು ಒಳಗೆ ಧಿಕ್ಕಾರ ಕೂಗುತ್ತಿದ್ದರೆ ಇವನು ಹೊರಗೆ ಏಣಿಯ ಮೇಲೆ ಸಾಹೇಬರ ಟೀ ಕುಡಿಯುತ್ತಿದ್ದ. ಬೈದರೆ ನಾಚಿಕೆಯೂ ಆಗಲಿಲ್ಲ. "ಬೋರ್ಡ್ ಇಲ್ದಿದ್ರೆ ನಾಳೆ ಮುತ್ತಿಗೆ ಹಾಕೋಕ್ ಬರೋರು ಎಲ್ಲಿಗ್ ಹೋಗ್ತಾರೆ ಗುರುವೇ?" ಎಂದ.

ಫ್ಲೆಕ್ಸ್ ಬಂತು, ಬ್ರಶ್ಶು ಸತ್ತಿತು. ಮುನೀಂದ್ರ ಅಳುತ್ತ ಕೂರಲಿಲ್ಲ. ಯಲಹಂಕ ಹಳೇ ಟೌನಿನಲ್ಲಿ ಮಳಿಗೆ ಹಿಡಿದು ಮುದ್ರಣದ ಯಂತ್ರ ಹಾಕಿಕೊಂಡ. ಫ್ಲೆಕ್ಸ್ ಕಟ್ಟಬಾರದು ಎಂಬ ನಮ್ಮ ಬಡಾವಣೆ ಸಂಘದ ಎಚ್ಚರಿಕೆಯನ್ನೂ ಫ್ಲೆಕ್ಸಿನಲ್ಲಿ ಮುದ್ರಿಸಿಕೊಟ್ಟವನು ಅವನೇ. ನಮ್ಮ ಧಿಕ್ಕಾರವೂ ನಾವು ಯಾರಿಗೆ ಧಿಕ್ಕಾರ ಕೂಗುತ್ತೇವೋ ಅವರ ಜೈಕಾರವೂ ಅದೇ ಯಂತ್ರದಿಂದ, ಒಂದರ ಬಾಲ ಹಿಡಿದು ಇನ್ನೊಂದು ಬರುತ್ತಿದ್ದವು.

ಅಂಗಡಿಯ ಮೂಲೆಯಲ್ಲಿ ಫ್ರಿಜ್ಜಿನ ಮರಿಯಂತಹ ಒಂದು ಕಪ್ಪು ಪೆಟ್ಟಿಗೆ. ಅದೇ ಸರ್ವರು. ಹೆಬ್ಬಾಳದಲ್ಲಿ ಬಾಗಿಲು ಮುಚ್ಚಿದ ಯಾವುದೋ ಕಂಪನಿಯ ಸಾಮಾನು ಹರಾಜಾದಾಗ ಹೊತ್ತು ತಂದದ್ದು. ಅದರ ಕೆಲಸ ತಲೆಗಳನ್ನು ಕಾಯುವುದು. ಯಲಹಂಕದಿಂದ ಯಶವಂತಪುರದವರೆಗೆ ಕೈಮುಗಿದು ನಿಂತ, ಕಪ್ಪು ಕನ್ನಡಕ ಹಾಕಿದ, ಫೋನ್ ಕಿವಿಗಿಟ್ಟ ಎಲ್ಲ ನಾಯಕರ ಫೋಟೋಗಳೂ ಅದರ ಹೊಟ್ಟೆಯಲ್ಲಿದ್ದವು. ವಿನ್ಯಾಸ ಮಾಡುವ ಶಿಲ್ಪಾಳ ಕಂಪ್ಯೂಟರಿಗೆ ಬೇಕಾದ ತಲೆ ಬೇಕಾದಾಗ ಒಂದು ನೀಲಿ ತಂತಿಯ ಮೂಲಕ ಹೋಗುತ್ತಿತ್ತು.

ಅಂಗಡಿಯನ್ನು ನಿಜವಾಗಿ ಸಾಕುತ್ತಿದ್ದದ್ದು ಒಂದೇ ತಲೆ, ಶೆಟ್ಟಿಹಳ್ಳಿಯ ಚಿಕ್ಕಬೈರಪ್ಪನದು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅಪಾರ್ಟ್‌ಮೆಂಟು ಬೆಳೆಯುವ ಆಸಾಮಿ. ಆತನ ಹುಟ್ಟುಹಬ್ಬ ಬಂತೆಂದರೆ ಜಾಲಹಳ್ಳಿಯಿಂದ ಆಚೆಗೆ ಬರಿ ಕಂಬ ಎನ್ನುವುದೇ ಇರುವುದಿಲ್ಲ. ಬ್ಯಾನರಿನಲ್ಲಿ ಆತನ ಮುಖ ಬಂಡಿಚಕ್ರದಷ್ಟು. ಕೆಳಗೆ ಶುಭ ಕೋರುವವರ ಮುಖಗಳು, ಊಟದ ತಟ್ಟೆಯಷ್ಟರಿಂದ ಶುರುವಾಗಿ ವಡೆಯಷ್ಟಾಗಿ, ಕೊನೆಯ ಸಾಲಿಗೆ ಬರುವಷ್ಟರಲ್ಲಿ ಗೋಲಿ ಬಜ್ಜಿ. ಯಾರು ತಟ್ಟೆ, ಯಾರು ಬಜ್ಜಿ ಎಂಬುದೇ ಜಗಳ. ಹೋದ ವರ್ಷ ಭಾವಮೈದುನ ಅಶ್ವತ್ಥ್ ತಟ್ಟೆಯಿಂದ ವಡೆಗೆ ಇಳಿದದ್ದಕ್ಕೆ ಬ್ಯಾನರನ್ನು ಕಂಬಸಮೇತ ಕಿತ್ತುಹಾಕಿದ್ದ. ಈ ವರ್ಷ ಹೇಗೋ ಎಲ್ಲರನ್ನೂ ಕೂರಿಸಿ ಮಾತಾಡಿ ಸಾಲು ಗೊತ್ತುಮಾಡಿದ್ದಾಗಿತ್ತು. ಚಿಕ್ಕಬೈರಪ್ಪ ಬೆರಳೆತ್ತಿ ಹೇಳಿಹೋಗಿದ್ದ: "ನೋಡು ಮುನೀಂದ್ರ, ಈ ಸಾಲು ಅತ್ತಿತ್ತ ಆಗ್ಬಾರ್ದು. ಆಯ್ತೋ, ಮುಂದಿನ್ ವರ್ಷದಿಂದ ಮಾಕಳಿಯವನ ಹತ್ರ." ಮಾಕಳಿಯಲ್ಲಿ ಹೊಸ ಅಂಗಡಿ, ಹೊಸ ಯಂತ್ರ. ಚಿಕ್ಕಬೈರಪ್ಪ ಕೈಬಿಟ್ಟರೆ ಮುನೀಂದ್ರ ಮತ್ತೆ ಏಣಿ ಹತ್ತಬೇಕು. ಈಗ ಅವನ ಮಂಡಿ ಮೆಟ್ಟಿಲನ್ನೇ ಹತ್ತುವುದಿಲ್ಲ.

ಆಯುಧಪೂಜೆಯ ದಿನ ಯಂತ್ರಕ್ಕೆ ಹೂವು, ಕತ್ತರಿಗೆ ಹೂವು, ಸ್ಕೂಟರಿನ ಚಕ್ರದಡಿ ನಿಂಬೆಹಣ್ಣು ಎಲ್ಲ ಆಯಿತು. ಪೂಜೆಯ ಉಸ್ತುವಾರಿ ಮುನೀಂದ್ರನ ತಾಯಿ ದ್ರೌಪದಮ್ಮನದು. ಮಾರನೆಯ ದಿನ ವಿಜಯದಶಮಿ. ಅದರ ಮಾರನೆಯ ಬೆಳಿಗ್ಗೆಯೇ ಚಿಕ್ಕಬೈರಪ್ಪನ ಹುಟ್ಟುಹಬ್ಬ. ವಿಜಯದಶಮಿಯ ಸಂಜೆಯೊಳಗೆ ಬ್ಯಾನರು ಕಂಬ ಹತ್ತಬೇಕು. ಕೆರೆ ಹೋರಾಟದ ಬ್ಯಾನರು ಒಯ್ಯಲು ಆ ಬೆಳಿಗ್ಗೆ ನಾನು ಅಂಗಡಿಗೆ ಹೋದಾಗ ಶಿಲ್ಪ ಕುರ್ಚಿ ಹಿಂದಕ್ಕೆ ತಳ್ಳಿ, ಮುನೀಂದ್ರನಿಗೆ "ಅಣ್ಣ, ಸರ್ವರೇ ಕಾಣಿಸ್ತಿಲ್ಲ" ಎಂದಳು.

"ಅಲ್ಲೇ ಕೂತಿದ್ಯಲ್ಲಮ್ಮಾ, ಗುಂಡುಕಲ್ಲಿನಂಗೆ."

"ನನ್ ಕಣ್ಣಿಗಲ್ಲ ಅಣ್ಣ, ಕಂಪ್ಯೂಟರಿಗೆ."

ಸರ್ವರಿನ ದೀಪ ಉರಿಯುತ್ತಿತ್ತು, ಫ್ಯಾನು ಗುರ್ ಎನ್ನುತ್ತಿತ್ತು. ಆದರೆ ಮಾತಿಲ್ಲ ಕತೆಯಿಲ್ಲ. ಒಳ್ಳೆಯ ಧರಣಿ. ಮುನೀಂದ್ರ ಅದನ್ನು ಬೀರುವಿನ ಮಗ್ಗುಲಿಂದ ಈಚೆಗೆ ಎಳೆದು ಹಿಂಬದಿಯ ತಂತಿ ಬಿಚ್ಚಿ ನೋಡಿದ. ನೀಲಿ ತಂತಿ ಚುಚ್ಚುವ ತೂತಿನೊಳಗೆ ಗಂಧ ಕಲಸಿ ಮೆತ್ತಿತ್ತು, ಅದರ ಮೇಲೆ ದುಂಡಗೆ ಕುಂಕುಮ, ಕುಂಕುಮಕ್ಕೆ ಅಂಟಿದ ಅಕ್ಷತೆ. ಪೂಜೆಯ ಹೊತ್ತಿಗೆ ತಂತಿಯನ್ನು ಕಿತ್ತು, ಬೊಟ್ಟಿಟ್ಟು, ಮತ್ತೆ ಮರ್ಯಾದೆಯಾಗಿ ಸಿಕ್ಕಿಸಿದ್ದರು.

"ಅಮ್ಮಾ! ಬೆನ್ನಿಗ್ ಯಾಕಮ್ಮ ಕುಂಕುಮ ಇಟ್ಟೆ? ವರ್ಷಾ ವರ್ಷಾ ಮುಂದ್ಗಡೆ ತಾನೇ ಇಡ್ತಿದ್ದಿದ್ದು?"

ದ್ರೌಪದಮ್ಮ ಹೂವಿನ ಬುಟ್ಟಿಯಿಂದ ತಲೆ ಎತ್ತಲಿಲ್ಲ. "ಮುಂದ್ಗಡೆ ನೀನು ಬೀರು ತಂದು ನಿಲ್ಸಿದ್ಯಲ್ಲೋ. ಇಂದ್ಗಡೆ ನೋಡುದ್ರೆ ಎಲ್ಡು ದೀಪ ಪಿಳಿಪಿಳಿ ಅಂತಾವೆ. ಕಣ್ಣಿರೋ ಕಡೆ ಮುಖ ಇರ್ತದೆ ಅಂತ ಇಟ್ಟೆ. ತಪ್ಪಾ?"

ಆ ಎರಡು ಕಣ್ಣೂ ಈಗ ಆರಿದ್ದವು.

ಶಿಲ್ಪ ಬುದ್ಧಿವಂತೆ. ಬ್ಯಾನರಿನ ಫೈಲನ್ನು ಸರ್ವರಿನಿಂದ ಪೆನ್‌ಡ್ರೈವಿಗೆ ಇಳಿಸಿಕೊಂಡು ತನ್ನ ಕಂಪ್ಯೂಟರಿನಲ್ಲಿ ತೆರೆದಳು. ಹೂಮಾಲೆ ಬಂತು, ಶುಭಾಶಯ ಬಂತು, ಎಲ್ಲರ ಹೆಸರೂ ಬಂತು. ತಲೆಗಳು ಮಾತ್ರ ಬರಲಿಲ್ಲ. ಒಂದೊಂದು ಹೆಸರಿನ ಮೇಲೂ ಅಡ್ಡಗೆರೆ ಹೊಡೆದ ಖಾಲಿ ಚೌಕ. ಫೈಲಿನಲ್ಲಿ ಇರುವುದು ಜಾಗ ಮಾತ್ರ, ಫೋಟೋಗಳನ್ನು ಅದು ಪ್ರತಿಸಲವೂ ತಂತಿಯ ಮೂಲಕ ಸರ್ವರಿನಿಂದಲೇ ತರಿಸಿಕೊಳ್ಳುತ್ತದೆ ಎಂದು ಶಿಲ್ಪ ವಿವರಿಸಿದಳು. ಒಂದೊಂದನ್ನೂ ಕೈಯಿಂದ ಕೂರಿಸುತ್ತ ಹೋದರೆ ಮುಂದಿನ ದಸರಾ ಬರುತ್ತದಂತೆ.

"ಇಂಗೇ ಕಟ್ಬುಡು" ಎಂದಳು ದ್ರೌಪದಮ್ಮ. "ತಲೆ ಇಲ್ದಿದ್ರೂ ಅವ್ರು ಊರು ನಡೆಸ್ಕೊಂಡ್ ಓಯ್ತಾವ್ರಲ್ಲ."

ಆರ್.ಟಿ. ನಗರದಿಂದ ಜೀಷಾನ್ ಬಂದ. ಕಂಪ್ಯೂಟರ್ ರಿಪೇರಿಯವನು, ಮುನೀಂದ್ರನ ಹಳೆಯ ದೋಸ್ತ, ಹೊಟ್ಟೆ ಮುಂದೆ ಬಿಟ್ಟುಕೊಂಡು ನಡೆಯುವ ಮನುಷ್ಯ. ತೂತಿನೊಳಗೆ ಟಾರ್ಚು ಬಿಟ್ಟು ನೋಡಿ, "ಮುನಿಯಣ್ಣ, ಇದು ಹೋಗ್ಬಿಟ್ಟಿದೆ. ತುಂಬ ಭಕ್ತಿಯಿಂದ ಹೋಗಿದೆ" ಎಂದ. ನೀಲಿ ತಂತಿ ಚುಚ್ಚಲು ಬೇರೆ ನೆಟ್‌ವರ್ಕ್ ಕಾರ್ಡು ತಂದಿದ್ದ. ಪೆಟ್ಟಿಗೆ ಬಿಚ್ಚಿ, ಒಳಗಿದ್ದ ಜಿರಲೆ ಸಂಸಾರವನ್ನು ಒಕ್ಕಲೆಬ್ಬಿಸಿ ಕಾರ್ಡು ಕೂರಿಸಿದ.

"ಆಯ್ತಾ?" ಎಂದ ಮುನೀಂದ್ರ.

"ಕಾರ್ಡ್ ಕೂತಿದೆ. ಆದ್ರೆ ಸರ್ವರಿಗೆ ಅದು ಯಾರು ಅಂತ ಗೊತ್ತಿಲ್ಲ. ಪರಿಚಯ ಮಾಡಿಸ್ಬೇಕು. ಅದಕ್ಕೇ ಡ್ರೈವರ್ ಅನ್ನೋ ಸಾಫ್ಟ್‌ವೇರ್ ಹಾಕ್ಬೇಕು."

ಪರದೆಯ ಮೇಲೆ ಯಂತ್ರದ ಭಾಗಗಳ ಹೆಸರುಗಳು ಸಾಲಾಗಿ ಬಂದವು. ಹೊಸ ಕಾರ್ಡಿನ ಜಾಗದಲ್ಲಿ ಒಂದು ಹಳದಿ ಗುರುತು. ದ್ರೌಪದಮ್ಮ ಕಣ್ಣು ಕಿರಿದು ಮಾಡಿ ನೋಡಿ, "ನನ್ನ ಬೈದ್ರಿ. ಈಗ ಅದೇ ಒಳಗೆ ಅರಿಶಿನ ಇಟ್ಕೊಂಡೈತೆ ನೋಡು" ಎಂದು ಗೆದ್ದವರ ದನಿಯಲ್ಲಿ ಹೇಳಿದಳು.

ಡ್ರೈವರು ಕಾರ್ಡಿನ ಡಬ್ಬಿಯಲ್ಲಿದ್ದ ಪುಟ್ಟ ಸಿ.ಡಿ.ಯಲ್ಲಿತ್ತು. ಸರ್ವರಿನ ಸಿ.ಡಿ. ಬಾಗಿಲು ತೆರೆಯಲೊಲ್ಲದು. ಜೀಷಾನ್ ಸೇಫ್ಟಿ ಪಿನ್ನಿನಿಂದ ಚುಚ್ಚಿ ತೆರೆಸಿದರೆ ಒಳಗೆ ಯಾವ ಕಾಲದ್ದೋ ಸಬ್ಬಕ್ಕಿ ಹಪ್ಪಳದ ತುಂಡು. "ಅಮ್ಮಾ!" ಎಂದು ಮುನೀಂದ್ರ ಕೂಗಿದ. "ಅದು ನಾನಲ್ಲ ಕಣಪ್ಪ" ಎಂದಳು ಆಕೆ. ನಂಬಿದೆವು. ಹಪ್ಪಳದ ಜಾಗಕ್ಕೆ ಸಿ.ಡಿ. ಹೋಯಿತು. ಸರ್ವರು ಅದನ್ನು ಬಹಳ ಹೊತ್ತು ಅಗಿದು, 'ಈ ತಂತ್ರಾಂಶ ನಿಮ್ಮ ವಿಂಡೋಸಿಗೆ ಹೊಂದುವುದಿಲ್ಲ' ಎಂಬರ್ಥದ ಇಂಗ್ಲಿಷನ್ನು ಕಕ್ಕಿತು. ಕಾರ್ಡು ಹೊಸದು, ಸರ್ವರಿನ ವಿಂಡೋಸು ಮುದುಕ.

"ಹಳೇ ಡ್ರೈವರ್ ಕೊಡಯ್ಯ."

"ಈ ಕಾರ್ಡಿಗೆ ಹಳೇದು ಇಲ್ಲ ಮುನಿಯಣ್ಣ. ಇದು ಹುಟ್ಟೋ ಹೊತ್ಗೆ ಇವ್ನು ರಿಟೈರ್ ಆಗಿದ್ದ."

ಜೀಷಾನ್ ಶಿಲ್ಪಾಳ ಕಂಪ್ಯೂಟರಿನಲ್ಲಿ ಇಂಟರ್ನೆಟ್ಟೆಲ್ಲ ಜಾಲಾಡಿ ಒಂದೊಂದೇ ಡ್ರೈವರು ಇಳಿಸಿ, ಪೆನ್‌ಡ್ರೈವಿನಲ್ಲಿ ಒಯ್ದು ಹಾಕುತ್ತ ಹೋದ. ಒಂದು ಹಾಕಿದರೆ ಪರದೆ ನೀಲಿಯಾಗಿ ನಿಂತಿತು. ಇನ್ನೊಂದು ಹಾಕಿದರೆ ಮೌಸು ಸತ್ತಿತು. ಮತ್ತೊಂದು ಚೆನ್ನಾಗಿ ಕೂತಿತು, ನೋಡಿದರೆ ಅದು ಪ್ರಿಂಟರಿನದು. ಮಧ್ಯಾಹ್ನಕ್ಕೆ ದ್ರೌಪದಮ್ಮ ಒಬ್ಬಟ್ಟು ಬಡಿಸಿದಳು. ಜೀಷಾನ್ ತುಪ್ಪದ ಕೈಯಲ್ಲೇ ಕಾರ್ಡನ್ನು ಹೊರಕ್ಕೆಳೆದು, ಅದರ ಮೇಲಿನ ಕರಿ ಚಿಪ್ಪನ್ನು ಬೆಳಕಿಗೆ ಹಿಡಿದು ನಗತೊಡಗಿದ.

"ಏನೋ?"

"ಹೊರಗಡೆ ಕಂಪನಿ ಹೆಸರು ಬೇರೆ, ಒಳಗೆ ಚಿಪ್ಪು ಅದೇ ಹಳೇ ಗಿರಾಕಿ. ಬರೀ ಸ್ಟಿಕ್ಕರ್ ಬದಲಾಯಿಸಿದ್ದಾರೆ."

"ನಮ್ ಚಿಕ್ಕಬೈರಪ್ಪ" ಎಂದೆ ನಾನು. ಆತ ಪಕ್ಷ ಬದಲಿಸಿ ಇನ್ನೂ ಎರಡು ವರ್ಷ ಆಗಿರಲಿಲ್ಲ.

ಆ ಹಳೆಯ ಚಿಪ್ಪಿನ ನಂಬರು ಹಿಡಿದು ಹುಡುಕಿದರೆ ಮುದುಕ ವಿಂಡೋಸಿಗೆ ಸರಿಹೊಂದುವ ಡ್ರೈವರು ಸಿಕ್ಕಿತು. 'ಇದನ್ನು ಹಾಕುವುದು ಒಳ್ಳೆಯದಲ್ಲ' ಎಂದು ಸರ್ವರು ಎಚ್ಚರಿಸಿತು. "ಹಾಕು" ಎಂದ ಮುನೀಂದ್ರ. 'ನಿಜವಾಗಿಯೂ?' ಎಂದಿತು. "ಹಾಕ್ ಮಗಾ, ಇದೇನ್ ಹೆಣ್ಣು ನೋಡೋ ಶಾಸ್ತ್ರಾನಾ!" ಹಳದಿ ಗುರುತು ಹೋಯಿತು. ಬೆನ್ನ ಮೇಲೆ ಹೊಸ ಜಾಗದಲ್ಲಿ ಎರಡು ದೀಪ ಪಿಳಿಪಿಳಿ ಎಂದವು. ಮುನೀಂದ್ರ ಮೊದಲು ಮಾಡಿದ ಕೆಲಸವೆಂದರೆ ತಾಯಿಯ ಕೈಯಿಂದ ಕುಂಕುಮದ ಬಟ್ಟಲು ಕಿತ್ತುಕೊಂಡದ್ದು.

ಅಷ್ಟಕ್ಕೇ ಮುಗಿಯಲಿಲ್ಲ. ಶಿಲ್ಪಾಳ ಕಂಪ್ಯೂಟರು ಹುಡುಕಿಕೊಂಡು ಬರುವ, ಹಳೆಯ ಕಾರ್ಡಿಗಿದ್ದ ವಿಳಾಸವನ್ನೇ ಹೊಸದಕ್ಕೂ ಕೊಡಹೋದರೆ, ಆ ವಿಳಾಸದಲ್ಲಿ ಆಗಲೇ ಒಬ್ಬರಿದ್ದಾರೆ, ಅವರು ಕಾಣಿಸುತ್ತಿಲ್ಲ, ಆದರೆ ಇದ್ದಾರೆ ಎಂದಿತು ಸರ್ವರು. ಗಂಧ ಮೆತ್ತಿಸಿಕೊಂಡು ಸತ್ತವನ ಹೆಸರು ಇನ್ನೂ ಪಟ್ಟಿಯಲ್ಲಿತ್ತು. ನಮ್ಮ ಮತದಾರರ ಪಟ್ಟಿಯ ಹಾಗೆ. ಜೀಷಾನ್ ಆ ಹೆಣವನ್ನು ಹುಡುಕಿ ತೆಗೆದ. ಅದಾದ ಮೇಲೆ ಫೋಟೋಗಳ ಫೋಲ್ಡರು ಶಿಲ್ಪಾಳಿಗೆ ಕಾಣಲೊಲ್ಲದು. ಮುನೀಂದ್ರ ಅಷ್ಟರಲ್ಲಿ ಕಂಬದ ಬಳಿ ಏಣಿ ಹಿಡಿದು ಕಾಯುತ್ತಿದ್ದವರಿಗೆ ಫೋನಿನಲ್ಲಿ ಸುಳ್ಳು ಹೇಳುತ್ತಿದ್ದ: "ಒಣಗ್ತಾ ಐತೆ, ಒಣಗ್ತಾ ಐತೆ." ಜೀಷಾನ್ ಬೆವರು ಒರೆಸಿಕೊಂಡು ಸರ್ವರಿನಲ್ಲಿ 'ಚಿಕ್ಕಬೈರಪ್ಪ ಹೊಸದು' ಎಂಬ ಫೋಲ್ಡರು ಹಿಡಿದು ಶಿಲ್ಪಾಳಿಗೆ ಕಾಣುವಂತೆ ಹಂಚಿಕೊಟ್ಟ. ಶಿಲ್ಪ ಒತ್ತಿದಳು. ಖಾಲಿ ಚೌಕಗಳಿಗೆಲ್ಲ ಪಟಪಟನೆ ತಲೆ ಬಂದವು. ನಾವೆಲ್ಲ ಕೂಗಿದ ಕೂಗಿಗೆ ಪಕ್ಕದ ಬೇಕರಿಯವನು ಕ್ರಿಕೆಟ್ ಎಂದುಕೊಂಡು ಸ್ಕೋರ್ ಕೇಳಿದ.

ಮುಸ್ಸಂಜೆಗೆ ಬ್ಯಾನರುಗಳು ಕಂಬ ಹತ್ತಿದವು.

ಬೆಳಿಗ್ಗೆ ಮುನೀಂದ್ರನ ಫೋನು ಬಂತು. "ಗುರುವೇ, ಅಂಗಡಿಗ್ ಬಾ. ನನ್ ಕತೆ ಮುಗೀತು."

ದಾರಿಯಲ್ಲಿ ನಾನೂ ನೋಡಿದೆ. ಬಂಡಿಚಕ್ರದಷ್ಟು ಮುಖ ಚಿಕ್ಕಬೈರಪ್ಪನದೇ, ಆದರೆ ಹತ್ತು ವರ್ಷ ಸಣ್ಣವ, ತಲೆತುಂಬ ಕೂದಲು, ಹೆಗಲ ಮೇಲೆ ಹಳೇ ಪಕ್ಷದ ಶಾಲು. ಕೆಳಗೆ ಹೆಸರುಗಳೆಲ್ಲ ಹೊಸ ಪಕ್ಷದವರವು, ಮುಖಗಳೆಲ್ಲ ಹಳೇ ಪಕ್ಷದವರವು. ಅಶ್ವತ್ಥ್ ಎಂಬ ಹೆಸರಿನ ಮೇಲೆ ಅವನಿಗೆ ಆಗದ ಯಾರೋ ಮೀಸೆಯವನು ಕೈಮುಗಿದಿದ್ದ.

ಅಂಗಡಿಯಲ್ಲಿ ಶಿಲ್ಪ ತಲೆ ಚಚ್ಚಿಕೊಳ್ಳುತ್ತಿದ್ದಳು. ಅಲ್ಲಿನ ಪದ್ಧತಿಯೇ ಹಾಗೆ. ಫೋಟೋಗಳಿಗೆ ಹೆಸರಿಡುವುದಿಲ್ಲ, ಅಂತಸ್ತಿನ ಪ್ರಕಾರ ಒಂದು, ಎರಡು, ಮೂರು ಎಂದು ನಂಬರು ಕೊಡುತ್ತಾರೆ. ಹಾಗೆ ಮಾಡಿದರೆ ಒಬ್ಬನನ್ನು ಇಳಿಸಿ ಇನ್ನೊಬ್ಬನನ್ನು ಏರಿಸುವುದು ಸುಲಭ. 'ಹೊಸದು' ಎಂಬ ಫೋಲ್ಡರು ಹಳೇ ಪಕ್ಷದ ಕಾಲದಲ್ಲಿ ಹೊಸದಾಗಿದ್ದದ್ದು. ಈಗಿನ ಮುಖಗಳು 'ಹೊಸ ಹೊಸದು' ಎಂಬುದರಲ್ಲಿದ್ದವು. ಎರಡರಲ್ಲೂ ಅವೇ ನಂಬರುಗಳು.

"ಪ್ರಿಂಟ್ ಆಗೋವಾಗ ನೋಡ್ಲಿಲ್ವೇನಮ್ಮ?" ಎಂದೆ.

"ಎಲ್ರೂ ಬಿಳಿ ಶರ್ಟು, ಎಲ್ರೂ ಮೀಸೆ. ಏನಂತ ನೋಡ್ಲಿ ಸಾರ್?"

ಅಷ್ಟರಲ್ಲಿ ಬಾಗಿಲಲ್ಲಿ ದೊಡ್ಡ ಕಾರು ನಿಂತಿತು. ಚಿಕ್ಕಬೈರಪ್ಪ ಹಾರದ ಸಮೇತ ಇಳಿದ. ಹಿಂದೆ ಅಶ್ವತ್ಥ್. ಮುನೀಂದ್ರ ಯಂತ್ರದ ಮರೆಗೆ ಸರಿದ. ದ್ರೌಪದಮ್ಮ ಮಾತ್ರ ಕದಲಲಿಲ್ಲ.

"ಲೋ ಮುನೀಂದ್ರ, ಬಾ ಇಲ್ಲಿ. ಆ ಫೋಟೋ ಎಲ್ಲಿ ಸಿಕ್ತೋ ನಿಂಗೆ?"

"ಅಣ್ಣ, ಸರ್ವರು..."

"ಇಷ್ಟ್ ದಿನ ಯಾಕೋ ಬಚ್ಚಿಟ್ಟಿದ್ದೆ? ನಮ್ಮನೇವ್ಳು ನೋಡಿ, ಕೂದ್ಲು ಇತ್ತಾ ನಿಮ್ಗೆ ಅಂತ ಬೆರಗಾಗ್‌ಬಿಟ್ಳು. ಇನ್ಮೇಲೆ ಇದೇ ಫೋಟೋ."

"ಶಾಲು, ಅಣ್ಣ..."

"ಶಾಲ್ದು ಏನಿದೆ, ನಾಳೆ ಯಾವ್ದ್ ಹೊದೀತೀನೋ ಯಾರಿಗ್ ಗೊತ್ತು. ಬೆಳಗಿಂದ ಹಳೇ ಪಾರ್ಟಿಯವ್ರೆಲ್ಲ ಫೋನ್ ಮಾಡಿ, ಬಂದ್ಬಿಡಿ ಅಣ್ಣ, ಬಂದ್ಬಿಡಿ ಅಂತಾವ್ರೆ. ಅದ್ ಕೇಳಿ ಹೊಸ ಪಾರ್ಟಿಯವ್ರು ಮನೆ ಬಾಗ್ಲಲ್ಲಿ ಕೂತವ್ರೆ. ಕೂತ್ಕೊಳ್ಳಿ ಬಿಡು."

ಅಶ್ವತ್ಥ್ ಮುಂದೆ ಬಂದ. ಈತ ಈ ಸಲ ಏನು ಕೀಳುತ್ತಾನೋ ಎಂದು ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಮುನಿಯಣ್ಣ, ನನ್ ಹೆಸರಿಗೆ ಯಾವನ್ದೋ ಮುಖ ಹಾಕಿದ್ದೀರ" ಎಂದ. "ಆದ್ರೂ ಸೈಜ್ ಸರಿಯಾಗಿದೆ. ತಟ್ಟೇನೇ. ನಾನ್ ಅಳತೆ ಹಿಡಿದು ನೋಡ್ದೆ."

ಅವರು ಹೋದ ಮೇಲೆ ಮುನೀಂದ್ರ ಧಪ್ಪನೆ ಸ್ಟೂಲಿನ ಮೇಲೆ ಕೂತ. ಶಿಲ್ಪ ಮೌಸಿನ ಮೇಲೆ ಕೈಯಿಟ್ಟು, "ಅಣ್ಣ, ಈಗ ಫೋಲ್ಡರ್ ಸರಿ ಮಾಡ್ಬಿಡ್ಲಾ?" ಎಂದಳು.

"ಮುಟ್‌ಬೇಡ ತಾಯಿ" ಎಂದ ಮುನೀಂದ್ರ. "ಸಾಲು ಸರಿಯಾಗೈತೆ."