ಜೇಬಿನಲ್ಲಿದ್ದ ಕೀಲಿ

ಕಳೆದ ವಾರ ಮೊಮ್ಮಗಳು ತನ್ನ ಹೊಸ ಕಾರಿನ ಕೀಲಿಯನ್ನು ನನ್ನ ಅಂಗೈ ಮೇಲಿಟ್ಟಳು. ಅದಕ್ಕೆ ಹಲ್ಲಿಲ್ಲ, ಲೋಹದ ತಂಪಿಲ್ಲ. ಸವೆದ ಸೋಪಿನ ಬಿಲ್ಲೆಯಂಥ ಕಪ್ಪು ವಸ್ತು. “ಇದನ್ನ ಎಲ್ಲೂ ಹಾಕಂಗಿಲ್ಲ, ತಿರುವಂಗಿಲ್ಲ ಮುತ್ಯಾ. ಜೇಬಿನಾಗ ಇದ್ರ ಸಾಕು, ಗಾಡಿ ನಡೀತದ” ಎಂದಳು. ಬ್ಯಾಟರಿಯ ಕಾರು. ಪೆಟ್ರೋಲಿನ ಖರ್ಚಿಲ್ಲ, ಹೊಗೆಯಿಲ್ಲ, ಸದ್ದೂ ಇಲ್ಲ. ಅವಳು ಸಂತೋಷದಿಂದ ಆಡಿದ ಆ ಮಾತಿಗೆ ನಾನು ಬಿಲ್ಲೆಯನ್ನು ಅವಳ ಕೈಗೇ ಮರಳಿಸಿದೆ. ಜೇಬಿನಲ್ಲಿ ಕೀಲಿ, ಓಡುವ ಗಾಡಿ, ಸದ್ದಿಲ್ಲದ ದಾರಿ... ಇವನ್ನು ಒಟ್ಟಿಗೆ ನಾನು ಹಿಂದೆ ಒಬ್ಬರ ಬಳಿ ಕಂಡಿದ್ದೆ.

ಅವರು ರಾಯಚೂರಿನಲ್ಲಿ ನಮ್ಮ ಪಕ್ಕದ ಮನೆಯ ವಕೀಲರು. ಎಪ್ಪತ್ತರ ದಶಕದಲ್ಲಿ ಪೆಟ್ರೋಲಿನ ಬೆಲೆ ಏಕಾಏಕಿ ಏರಿದಾಗ ಊರಿನ ಅನೇಕ ಸಾಹುಕಾರರು ಕಾರುಗಳಿಗೆ ತಾಡಪತ್ರಿ ಹೊದಿಸಿ ನಿಲ್ಲಿಸಿಬಿಟ್ಟರು. ವಕೀಲರು ನಿಲ್ಲಿಸಲಿಲ್ಲ. ದೇವದುರ್ಗ, ಮಾನ್ವಿ ಎರಡೂ ಕಡೆಯ ಕೋರ್ಟುಗಳಲ್ಲಿ ಅವರ ಕೆಲಸವಿತ್ತು. ನಿಲ್ಲಿಸುವ ಬದಲು ಅವರು ಉಳಿತಾಯವನ್ನೇ ಒಂದು ವ್ರತದಂತೆ ಹಿಡಿದರು. ಹೊರಡುವ ಮುನ್ನ ನಾಲ್ಕೂ ಟೈರುಗಳನ್ನು ಒತ್ತಿ ಗಾಳಿ ನೋಡುವರು. ಮೇಲಿನ ಕ್ಯಾರಿಯರ್ ಬಿಚ್ಚಿಸಿದರು. ಡಿಕ್ಕಿಯಲ್ಲಿ ಒಂದು ಕಾಗದದ ಕಟ್ಟೂ ಹೆಚ್ಚಿಗೆ ಇರಕೂಡದು. ಗೇರು ಬದಲಿಸಿದ್ದು ಹಿಂದೆ ಕುಳಿತವರಿಗೆ ತಿಳಿಯದಷ್ಟು ಮೆತ್ತಗೆ ನಡೆಸುವರು. “ಒಬ್ಬನ ಸಲುವಾಗಿ ಕಾರು ಹಚ್ಚೋದು ಪಾಪ ಅದರೀ ಮಾಸ್ತರ್” ಎಂದು ಸೀಟು ತುಂಬಿದ ಮೇಲೆಯೇ ಹೊರಡುವರು. ದೇವದುರ್ಗದ ಶಾಲೆಯಲ್ಲಿ ಮಾಸ್ತರನಾಗಿದ್ದ ನಾನು ಒಂದು ಸೀಟು. ಅವರ ಕೈಕೆಳಗೆ ವಕೀಲಿ ಕಲಿಯುತ್ತಿದ್ದ ನನ್ನ ತಮ್ಮ ಇನ್ನೊಂದು, ಉಳಿದವು ಕಕ್ಷಿದಾರರವು.

ನ್ಯಾಯವಾಗಿ ಹೇಳಬೇಕೆಂದರೆ, ಇವುಗಳಲ್ಲಿ ಯಾವುದನ್ನೂ ನಾನು ತಪ್ಪೆನ್ನಲಾರೆ. ಇಂದು ಪರಿಸರದ ಹೆಸರಿನಲ್ಲಿ ಸಾರುವುದನ್ನೆಲ್ಲ ಅವರು ಅಂದೇ ಮಾಡುತ್ತಿದ್ದರು. ನನ್ನ ತಕರಾರು ಒಂದರ ಮೇಲೆ ಮಾತ್ರ.

ದೇವದುರ್ಗದ ದಾರಿಯಲ್ಲಿ ಒಂದು ಉದ್ದನೆಯ ಇಳುಕಲು ಇತ್ತು. ಕೆಳಗೆ ಹಳ್ಳ, ಹಳ್ಳದ ಮೇಲೆ ಸಣ್ಣ ಸೇತುವೆ, ಸೇತುವೆಗೆ ಮೊದಲು ಎಡಕ್ಕೊಂದು ತಿರುವು, ತಿರುವಿನಲ್ಲಿ ಬೇವಿನ ಮರ. ದಿಬ್ಬದ ನೆತ್ತಿ ಮುಟ್ಟಿದೊಡನೆ ವಕೀಲರು ಎಂಜಿನ್ ಆರಿಸುತ್ತಿದ್ದರು. ಅಷ್ಟಕ್ಕೇ ಬಿಡುತ್ತಿರಲಿಲ್ಲ, ಕೀಲಿಯನ್ನು ಹೊರಗೆ ತೆಗೆದು ಎಲ್ಲರಿಗೂ ತೋರಿಸಿ ಅಂಗಿಯ ಜೇಬಿಗೆ ಹಾಕುತ್ತಿದ್ದರು. “ನೋಡ್ರಿ, ಈಗ ಗಾಡಿ ಭೂಮಿ ಖರ್ಚಿನಾಗ ಹೊಂಟದ.” ಎಂಜಿನ್ ನಿಂತ ಕೂಡಲೇ ಒಳಗಿನ ಮಾತೂ ನಿಲ್ಲುತ್ತಿತ್ತು. ಟೈರಿನ ಕೆಳಗೆ ಕಲ್ಲು ಸಿಡಿಯುವುದು, ಯಾರೋ ಉಗುಳು ನುಂಗುವುದು ಕೇಳುತ್ತಿತ್ತು. ಒಮ್ಮೆ ದಾರಿಯ ಅಂಚಿನಲ್ಲಿ ಹೊರಟಿದ್ದ ಕುರಿ ಕಾಯುವವನೊಬ್ಬ ನಾವು ಪಕ್ಕಕ್ಕೆ ಬರುವವರೆಗೂ ತಿರುಗಿ ನೋಡಲಿಲ್ಲ. ತಿರುಗಿದಾಗ ಅವನ ಮುಖದಲ್ಲಿದ್ದದ್ದು ಕಾರನ್ನು ಕಂಡವನ ಭಯವಾಗಿರಲಿಲ್ಲ... ಬೇರೆ ಏನನ್ನೋ ಕಂಡವನ ಭಯ.

ಆ ದಿನ ನಾನು ಬಾಯಿಬಿಟ್ಟೆ. ಕೀಲಿಯಾದರೂ ಇದ್ದಲ್ಲೇ ಇರಲಿ ಎಂದೆ. ವಕೀಲರು ಕೀಲಿ ಇದ್ದ ಜೇಬನ್ನು ತಟ್ಟಿಕೊಂಡರು. ಮುಂದಿನ ಸಲ ದಿಬ್ಬದ ಮೇಲೆ ಗಾಡಿ ನಿಲ್ಲಿಸಿ, ಕಕ್ಷಿದಾರರ ಎದುರಿಗೆ, “ಮಾಸ್ತರ್‌ಗೆ ಇಳುಕಲು ಕಂಡ್ರ ದೇವ್ರು ನೆನಪಾಗ್ತಾನ. ಹೆದರಿಕಿ ಇದ್ದವ್ರು ಇಳಿದು ನಡಕೊಂತ ಬರ್ರಿ” ಎಂದರು. ನಾನು ಇಳಿದೆ. ಬಿಸಿಲಿನಲ್ಲಿ ಚೀಲ ಹಿಡಿದು ಇಳುಕಲನ್ನು ನಡೆದೆ. ಅವರೆಲ್ಲ ಬೇವಿನ ನೆರಳಿನಲ್ಲಿ ನೀರು ಕುಡಿಯುತ್ತ ನಿಂತಿದ್ದರು. “ಬಂದ್ರೇನ್ರೀ? ನಿಮ್ಮ ತೂಕ ಇಳಿದದ್ದಕ್ಕ ಇನ್ನಷ್ಟು ಪೆಟ್ರೋಲ್ ಉಳೀತು ನೋಡ್ರಿ.” ಎಲ್ಲರೂ ನಕ್ಕರು. ನನ್ನ ತಮ್ಮನೂ ನಕ್ಕ. ಅವನ ನಗೆಯನ್ನು ನಾನು ಅಂದೇ ಮನ್ನಿಸಿದೆ. ಅವರ ಮಾತನ್ನು ಇಂದಿಗೂ ಮನ್ನಿಸಿಲ್ಲ. ಮರುವಾರದಿಂದ ಬಸ್ಸು ಹಿಡಿದೆ. ತಮ್ಮ ಬಿಡಲಿಲ್ಲ, ಗುರುಗಳ ಗಾಡಿ ಬಿಟ್ಟರೆ ಗುರುಗಳನ್ನೇ ಬಿಟ್ಟಂತೆ ಎಂದುಕೊಂಡಿದ್ದ.

ಎಂಬತ್ತರ ದಶಕದಲ್ಲಿ ಹೊಸ ಸಣ್ಣ ಕಾರುಗಳು ಬಂದಾಗ, ಕಡಿಮೆ ಪೆಟ್ರೋಲ್ ಕುಡಿಯುತ್ತದೆಂಬ ಕಾರಣಕ್ಕೇ ವಕೀಲರು ಹಳೆಯದನ್ನು ಮಾರಿ ಅಂಥದೊಂದನ್ನು ತಂದರು. ಓಣಿಗೆಲ್ಲ ಪೇಡೆ ಹಂಚಿದರು. ಗಾಡಿ ತಂದುಕೊಟ್ಟ ಗ್ಯಾರೇಜಿನ ಮೇಸ್ತ್ರಿ ಎಲ್ಲರ ಎದುರಿಗೆ ಅದರ ಹೊಸತನಗಳನ್ನು ಹೇಳುತ್ತಿದ್ದ. “ಸಾಬ್, ಚಾವಿ ತೆಗೆದ್ರ ಸ್ಟೀರಿಂಗ್ ಲಾಕ್ ಬೀಳ್ತದ. ಕಳ್ಳರು ಒಯ್ಯಾಕ ಬರಂಗಿಲ್ಲ.”

“ಊರಾಗಿನ ಕಳ್ಳರೆಲ್ಲ ನನ್ನ ಕಕ್ಷಿದಾರರಪ್ಪಾ, ನನ್ನ ಗಾಡಿ ಯಾರು ಮುಟ್ತಾರ?” ಎಂದು ವಕೀಲರು ನಕ್ಕರು. ಓಣಿಯೂ ನಕ್ಕಿತು. ನನ್ನ ಬಾಗಿಲಲ್ಲಿ ನಿಂತಿದ್ದ ನನಗೆ ಮಾತ್ರ ಆ ಬೇವಿನ ಮರ ಕಣ್ಣಿಗೆ ಕಟ್ಟಿತು. ಹಳೆಯ ಗಾಡಿಯಲ್ಲಿ ಕೀಲಿಗೂ ಸ್ಟೀರಿಂಗಿಗೂ ಸಂಬಂಧವಿರಲಿಲ್ಲ. ಇದರಲ್ಲಿ ಇತ್ತು, ಇಳುಕಲಿನಲ್ಲಿ ಕೀಲಿ ತೆಗೆದರೆ ಸ್ಟೀರಿಂಗ್ ತಿರುಗದು. ಅಂದೇ ಸಂಜೆ, ಮಾತು ಬಿಟ್ಟಿದ್ದವನು, ಅವರ ಮನೆಯ ಮೆಟ್ಟಿಲು ಹತ್ತಿದೆ. ತಮ್ಮನಿಗಾಗಿ ಹತ್ತಿದೆ.

ಅವರು ನನ್ನ ಕೈ ಹಿಡಿದುಕೊಂಡರು. “ನನಗೂ ತಿಳೀತದ್ರಿ ಮಾಸ್ತರ್. ನಿಮ್ಮ ತಮ್ಮ ನನ್ನ ಮಗ ಇದ್ದಂಗ. ಹೊಸ ಗಾಡ್ಯಾಗ, ಓಡೂವಾಗ ನಾ ಕೀಲಿ ಮುಟ್ಟಂಗಿಲ್ಲ. ಇದು ನನ್ನ ಮಾತು.”

ಆ ಮಾತನ್ನು ಅವರು ಕೆಲವು ತಿಂಗಳು ಉಳಿಸಿಕೊಂಡರು. ನಾನು ಪ್ರತಿ ಸಂಜೆ ತಮ್ಮನನ್ನು ಕೇಳುತ್ತಿದ್ದೆ. “ಇಲ್ಲಣ್ಣ, ಮುಟ್ಟಲಿಲ್ಲ” ಎನ್ನುತ್ತಿದ್ದ. ಆಮೇಲೆ, “ದಿನಾ ಅದೇನ ಕೇಳ್ತಿಯಣ್ಣ, ಅವ್ರೇನು ಸಣ್ಣ ಹುಡುಗ್ರೇನು?” ಎಂದು ಬೇಸರಪಟ್ಟ. ನಾನು ಕೇಳುವುದನ್ನು ಬಿಡಲಿಲ್ಲ. ಆದರೆ ಕೈಗೆ ಒಂದು ಅಭ್ಯಾಸವಿರುತ್ತದೆ. ಅದು ನಾಲಿಗೆ ಕೊಟ್ಟ ಮಾತನ್ನು ಕೇಳಿಸಿಕೊಂಡಿರುವುದಿಲ್ಲ.

ಅಂದು ನನ್ನ ಬಸ್ಸು ಬೇವಿನ ಮರವನ್ನು ಮೊದಲೇ ದಾಟಿ ಹೋಗಿತ್ತು. ತರಗತಿಯಲ್ಲಿದ್ದೆ. ಜವಾನ ಬಾಗಿಲಿಗೆ ಬಂದು, ಇಳುಕಲಿನಲ್ಲಿ ವಕೀಲರ ಗಾಡಿಗೆ ಅಪಘಾತವಾಗಿದೆ ಎಂದ... ದವಾಖಾನೆ ತಲುಪಿದಾಗ ತಮ್ಮನ ಮುಖಕ್ಕೆ ಬಿಳಿ ಬಟ್ಟೆ ಎಳೆದಿದ್ದರು. ಅಂದು ಕಕ್ಷಿದಾರರು ಯಾರೂ ಇರಲಿಲ್ಲ, ಬೇವಿನ ಮರಕ್ಕೆ ಬಡಿದ ಗಾಡಿಯಲ್ಲಿ ಇದ್ದವರು ತಮ್ಮ, ವಕೀಲರು ಇಬ್ಬರೇ. ವಕೀಲರ ಎರಡೂ ಕಾಲು ಮುರಿದಿದ್ದವು. ಕಂಪೌಂಡರ್ ಅವರ ಅಂಗಿಯನ್ನು ಕತ್ತರಿಸಿ ತೆಗೆದು, ಜೇಬಿನಲ್ಲಿದ್ದದ್ದನ್ನು ಪಕ್ಕದ ಮನೆಯವನೆಂದು ನನ್ನ ಕೈಗೆ ಕೊಟ್ಟ: ಒಂದು ಪೆನ್ನು, ಅಡಿಕೆಯ ಡಬ್ಬಿ, ಕಾರಿನ ಕೀಲಿ.

ಪ್ರಜ್ಞೆ ಮರಳಿದ ಮೇಲೆ, ವಿಚಾರಣೆಗೆ ಬಂದ ಪೊಲೀಸರಿಗೆ ವಕೀಲರು ಮಲಗಿದಲ್ಲಿಂದಲೇ, “ಹೊಸ ಗಾಡಿರೀ... ಸ್ಟೀರಿಂಗ್ ಖರಾಬ್ ಇತ್ತು, ತಿರುಗಲಿಲ್ಲ” ಎನ್ನುತ್ತಿದ್ದರು. ನಾನು ಕೀಲಿಯನ್ನು ಎತ್ತಿ ಹಿಡಿದೆ. ಇದು ಇವರ ಜೇಬಿನಲ್ಲಿತ್ತು ಎಂದೆ. “ಆದ ಮ್ಯಾಲ ತೆಗೆದು ಇಟ್ಕೊಂಡಿರಬೇಕು ಬಿಡ್ರಿ ಮಾಸ್ತರ್. ದುಃಖದಾಗ ಇದ್ದೀರಿ, ಕೂಡ್ರಿ” ಎಂದರು ಬಂದವರು. ಕಾಲು ಮುರಿದು, ಪ್ರಜ್ಞೆ ತಪ್ಪಿದ್ದ ಮನುಷ್ಯ ಕೀಲಿ ತೆಗೆದು ಜೇಬಿಗಿಟ್ಟುಕೊಂಡನಂತೆ. ನಾನು ಕೂರಲಿಲ್ಲ. ಕೀಲಿಯನ್ನು ವಕೀಲರ ಅಂಗೈಯಲ್ಲಿಟ್ಟೆ. “ತಗೋರಿ ವಕೀಲ್ ಸಾಹೇಬ್ರ. ನಿಮ್ಮದು.” ಅವರು ನನ್ನನ್ನು ನೋಡಲಿಲ್ಲ. ಮುಷ್ಟಿ ಮುಚ್ಚಿಕೊಂಡಿತು.

ಆಮೇಲೆ ಅವರು ಬಹಳ ವರ್ಷ ಬದುಕಿದರು. ಗಾಡಿ ಓಡಿಸಲಿಲ್ಲ. ಕೋಲೂರಿ ನಡೆದೇ ಕೋರ್ಟಿಗೆ ಹೋಗುತ್ತಿದ್ದರು. ನಮ್ಮ ಓಣಿಯ ಕೊನೆಗೆ ನೆಲ ಕೊಂಚ ಇಳಿಯುತ್ತದೆ. ಅಲ್ಲಿಗೆ ಬಂದಾಗ ಅವರ ಬಲಗೈ ತಾನಾಗಿ ಅಂಗಿಯ ಜೇಬಿಗೆ ಹೋಗುವುದನ್ನು ಕಿಟಕಿಯಿಂದ ಕಂಡಿದ್ದೇನೆ. ಸ್ಟೀರಿಂಗ್ ಕೆಟ್ಟಿತ್ತೆಂಬ ಕಥೆ ಊರೆಲ್ಲ ನಿಜವಾಗಿ ನಿಂತುಬಿಟ್ಟಿತು. ಒಮ್ಮೆ ಮಾತ್ರ ಅವರು ನಮ್ಮ ಗೇಟಿನ ಬಳಿ ನಿಂತು, “ಮಾಸ್ತರ್...” ಎಂದರು. ನಾನು ಪೇಪರ್ ಮಡಚಿ ಕಾದೆ. “ಮಳಿ ಬರೂ ಹಂಗದ” ಎಂದು ಹೊರಟುಹೋದರು. ಮುಗಿಲಿನಲ್ಲಿ ಒಂದು ಮೋಡವೂ ಇರಲಿಲ್ಲ. ಆಡದೆ ಉಳಿಸಿಕೊಂಡ ಆ ಒಂದು ಮಾತನ್ನು ಅವರು ತಮ್ಮೊಂದಿಗೇ ಒಯ್ದರು. ಅವರ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ನನ್ನ ಸಿಟ್ಟು ಕೇಳಿಸಿಕೊಳ್ಳಬೇಕಾದವರು ಯಾರೂ ಉಳಿದಿಲ್ಲ. ತಮ್ಮನ ನಗೆ ಹೇಗಿತ್ತೆಂದು ಬಲ್ಲವನೂ ಈಗ ನಾನೊಬ್ಬನೇ...

ಮೊಮ್ಮಗಳು ಬಾಗಿಲು ತೆರೆದು ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿದಳು. ಕಪ್ಪು ಬಿಲ್ಲೆಯನ್ನು ಜೇಬಿಗಿಟ್ಟು ಒಂದು ಗುಂಡಿ ಒತ್ತಿದಳು. ಗಾಡಿ ಶುರುವಾಯಿತೆಂದಳು. ನನಗೇನೂ ಕೇಳಲಿಲ್ಲ.

“ಹೊರಡೂಕಿಂತ ಮೊದ್ಲ ಸ್ಟೀರಿಂಗ್ ಒಮ್ಮಿ ತಿರುವಿ ತೋರ್ಸವಾ” ಎಂದೆ.

“ನಿಂತಲ್ಲೇನ? ಯಾಕ ಮುತ್ಯಾ?”

“ತಿರುವು.”

ಅವಳು ನಕ್ಕು ಎಡಕ್ಕೆ ತಿರುವಿದಳು, ಬಲಕ್ಕೆ ತಿರುವಿದಳು. ಚಕ್ರದ ಕೆಳಗೆ ಓಣಿಯ ಉಸುಕು ಕರಕರ ಎಂದಿತು. “ಸಾಕೇನು?” ಎಂದು ಕೇಳಿದಳು.

“ಎಡಕ್ಕ ಇನ್ನೊಮ್ಮಿ” ಎಂದೆ.